ಕಾವಲುಗಾರನ ಪೂರ್ವಾಪರ

ಬೇಲಿಯೇ ಎದ್ದು ಹೊಲ ಮೇಯುವ ಮಾತು ನಮ್ಮಲ್ಲಿ ಗಾದೆಯಾಗಿಯೂ ಉಂಟು, ವಚನಕಾರರ ಬಾಯಲ್ಲಿಯೂ ಉಂಟು. ಹೊಲಕ್ಕೆ ಬೇಲಿ ಹಾಕಿಸಿದವನಿಗೆ ಆ ಬೇಲಿಯ ಮೇಲೆಯೇ ಅನುಮಾನ ಬಂದರೆ ಅವನು ಮಾಡಬೇಕಾದುದೇನು? ಬೇಲಿಗೊಂದು ಬೇಲಿ ಹಾಕಿಸಬೇಕೆ? ಇದು ಮೇಲ್ನೋಟಕ್ಕೆ ಹಾಸ್ಯದ ಪ್ರಶ್ನೆಯಂತೆ ಕಂಡರೂ ರಾಜ್ಯಭಾರ ಮಾಡಿದವರೆಲ್ಲರನ್ನೂ ಕಾಡಿದ ಪ್ರಶ್ನೆ. ಇಂದು ವಿಮಾನ ನಿಲ್ದಾಣದಲ್ಲಿಯೋ, ಅಣುವಿದ್ಯುತ್ ಕೇಂದ್ರದಲ್ಲಿಯೋ, ರಕ್ಷಣಾ ಕಾರ್ಖಾನೆಯಲ್ಲಿಯೋ ಬಾಗಿಲು ಕಾಯಲು ಬರುವವನನ್ನು ಅಲ್ಲಿ ನಿಲ್ಲಿಸುವುದಕ್ಕೆ ಮುಂಚೆ ಅವನ ಪೂರ್ವಾಪರ ವಿಚಾರಣೆಯಾಗುತ್ತದೆ. ಹುಟ್ಟಿದ ಊರು, ಇದ್ದ ಮನೆ, ಮಾಡಿದ ಕೆಲಸ, ಹೆಸರು ಸಿಕ್ಕಿಕೊಂಡ ಮೊಕದ್ದಮೆ, ಎಲ್ಲವೂ ಪೊಲೀಸರ ಕಡತದಲ್ಲಿ ಶೋಧನೆಗೆ ಒಳಗಾಗುತ್ತವೆ. ಜನರ ಬಾಯಲ್ಲಿ ಅದಕ್ಕೆ ಪೊಲೀಸ್ ವೆರಿಫಿಕೇಷನ್ ಎಂದು ಹೆಸರು. ಈ ಪದ್ಧತಿಯ ಹಿಂದಿರುವ ಇತಿಹಾಸ ಸ್ವಾರಸ್ಯವಾದುದು. ಅದರಲ್ಲಿ ನಮ್ಮ ನಾಡಿನ ಪಾಲೂ ಸಣ್ಣದಲ್ಲ.

ಕಾಯುವವರೇ ಕೊಲ್ಲುವವರಾದ ನಿದರ್ಶನಗಳಿಗೆ ಬರವಿಲ್ಲ. ಕ್ರಿ.ಶ. 193ರಲ್ಲಿ ರೋಮ್ ನಗರದ ಅಂಗರಕ್ಷಕ ಪಡೆಯವರು ತಮ್ಮ ಚಕ್ರವರ್ತಿ ಪೆರ್ಟಿನಾಕ್ಸನನ್ನು ಕೊಂದು, ಸಿಂಹಾಸನವನ್ನು ಹರಾಜಿಗಿಟ್ಟರು. ಹೆಚ್ಚು ಹಣ ಕೂಗಿದ ಡಿಡಿಯಸ್ ಜೂಲಿಯಾನಸ್ ಅದನ್ನು ಕೊಂಡು ಸುಮಾರು ಎರಡು ತಿಂಗಳು ಆಳಿ ತಾನೂ ಹತನಾದ. ನಮ್ಮ ಕಾಲದಲ್ಲಿ, 1984ರ ಅಕ್ಟೋಬರ್ 31ರಂದು, ಪ್ರಧಾನಿ ಇಂದಿರಾ ಗಾಂಧಿಯವರು ತಮ್ಮ ಮನೆಯ ಆವರಣದಲ್ಲಿಯೇ ಕಾವಲಿಗಿದ್ದ ಇಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಎರಡು ಘಟನೆಗಳಲ್ಲಿಯೂ ಕೈಯೆತ್ತಿದವರು ಹೊರಗಿನಿಂದ ನುಗ್ಗಿದವರಲ್ಲ, ಆ ಕೆಲಸಕ್ಕೆಂದೇ ಆಯ್ದು ನಿಲ್ಲಿಸಿದವರು.

ಈ ಭಯವನ್ನು ಶಾಸ್ತ್ರವಾಗಿ ಬರೆದಿಟ್ಟವನು ಕೌಟಿಲ್ಯ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಆತನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ತಂದೊಪ್ಪಿಸಿದ ಓಲೆಗರಿಗಳನ್ನು ಆರ್. ಶಾಮಾಶಾಸ್ತ್ರಿಗಳು ಪರಿಶೋಧಿಸಿ 1909ರಲ್ಲಿ ಅಚ್ಚು ಹಾಕಿಸಿದರು; 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂದಿತು. ರುದ್ರಪಟ್ಟಣದ ಶಾಸ್ತ್ರಿಗಳು ಆ ಗರಿಗಳನ್ನು ಬಿಚ್ಚದೆ ಇದ್ದಿದ್ದರೆ, ಪ್ರಾಚೀನ ಭಾರತದಲ್ಲಿ ಸರ್ಕಾರಿ ನೌಕರನ ಗುಣಪರೀಕ್ಷೆ ಹೇಗೆ ನಡೆಯುತ್ತಿತ್ತೆಂಬುದು ನಮಗೆ ಬಹುಶಃ ತಿಳಿಯುತ್ತಿರಲಿಲ್ಲ.

ಆ ಪರೀಕ್ಷೆಗೆ ಕೌಟಿಲ್ಯನ ಹೆಸರು ಉಪಧಾ. ಧರ್ಮ, ಅರ್ಥ, ಕಾಮ, ಭಯ ಎಂದು ಅದು ನಾಲ್ಕು ಬಗೆ. ಪುರೋಹಿತನನ್ನು ಅರಸನು ಬೇಕೆಂದೇ ಕೆಲಸದಿಂದ ತೆಗೆಯುತ್ತಾನೆ. ಆ ಪುರೋಹಿತನು ಗೂಢಚಾರರ ಮೂಲಕ ಒಬ್ಬೊಬ್ಬ ಅಮಾತ್ಯನಿಗೂ, ಈ ರಾಜ ಅಧರ್ಮಿ, ಇವನನ್ನು ಇಳಿಸಿ ಬೇರೆ ಧಾರ್ಮಿಕನನ್ನು ಕೂರಿಸೋಣ ಎಂದು ಹೇಳಿಸುತ್ತಾನೆ. ಹಾಗೆಯೇ ಪದಚ್ಯುತನಾದಂತೆ ನಟಿಸುವ ಸೇನಾಪತಿ ಹಣದ ಆಸೆ ತೋರಿಸುತ್ತಾನೆ. ಅಂತಃಪುರದಲ್ಲಿ ಸಲಿಗೆಯಿರುವ ಸನ್ಯಾಸಿನಿಯೊಬ್ಬಳು ಬಂದು, ಪಟ್ಟದರಸಿಗೆ ನಿನ್ನ ಮೇಲೆ ಮನಸ್ಸಾಗಿದೆ ಎಂದು ಪಿಸುಗುಟ್ಟುತ್ತಾಳೆ. ಸೆರೆಯಲ್ಲಿ ಕೂಡಿಹಾಕಿದ ಅಮಾತ್ಯರನ್ನು, ಮೊದಲೇ ಅಲ್ಲಿಟ್ಟಿರುವ ಕಪಟವಿದ್ಯಾರ್ಥಿಯೊಬ್ಬ ರಾಜಹತ್ಯೆಗೆ ಪುಸಲಾಯಿಸುತ್ತಾನೆ. ಆಗದು ಎಂದವನು ಶುದ್ಧ. ಶುದ್ಧಿಯಲ್ಲಿಯೂ ವರ್ಗೀಕರಣವುಂಟು. ಧರ್ಮಪರೀಕ್ಷೆಯಲ್ಲಿ ಗೆದ್ದವನು ನ್ಯಾಯಸ್ಥಾನಕ್ಕೆ, ಅರ್ಥಪರೀಕ್ಷೆಯಲ್ಲಿ ಗೆದ್ದವನು ಕಂದಾಯ ಮತ್ತು ಭಂಡಾರಕ್ಕೆ, ಕಾಮಪರೀಕ್ಷೆಯಲ್ಲಿ ಗೆದ್ದವನು ವಿಹಾರಸ್ಥಳಗಳ ರಕ್ಷಣೆಗೆ, ಭಯಪರೀಕ್ಷೆಯಲ್ಲಿ ಗೆದ್ದವನು ರಾಜನ ಹತ್ತಿರದ ಕೆಲಸಗಳಿಗೆ. ಒಬ್ಬನು ಹಣಕ್ಕೆ ಬೀಳದಿರಬಹುದು, ಭಯಕ್ಕೆ ಬೀಳಬಹುದು. ಯಾವ ಬಾಗಿಲಿಗೆ ಯಾವ ಬಗೆಯ ಗಟ್ಟಿತನ ಬೇಕೆಂಬ ಈ ವಿವೇಚನೆ, ಎಲ್ಲರಿಗೂ ಒಂದೇ ನಮೂನೆಯ ಅರ್ಜಿ ತುಂಬಿಸುವ ಇಂದಿನ ಕಚೇರಿಗಳಲ್ಲಿ ಕಾಣುವುದು ಕಷ್ಟ.

ಎಲ್ಲ ಪರೀಕ್ಷೆಗಳಲ್ಲಿಯೂ ಸೋತವರನ್ನು ಕೌಟಿಲ್ಯನು ಮನೆಗೆ ಕಳುಹಿಸುವುದಿಲ್ಲ. ಗಣಿ, ನಾಟಾ ಕಾಡು, ಆನೆಕಾಡು, ಕಾರ್ಖಾನೆಗಳಲ್ಲಿ ನೇಮಿಸು ಎನ್ನುತ್ತಾನೆ. ಅರಮನೆಯಿಂದ ದೂರವಿರುವ ಜಾಗಗಳೆಂದು ಹಾಗೆ ಹೇಳಿರಬೇಕು. ಇಂದು ಗಣಿಗಳೂ ಕಾರ್ಖಾನೆಗಳೂ ಸೂಕ್ಷ್ಮ ಸ್ಥಳಗಳ ಪಟ್ಟಿಯಲ್ಲಿಯೇ ಮೇಲೆ ಕುಳಿತಿವೆ!

ರಾಜನ ಮೈಗಾವಲಿನ ವಿಷಯಕ್ಕೆ ಅವನು ಬೇರೆಯೇ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ತಂದೆ ತಾತಂದಿರ ಕಾಲದಿಂದ ಸೇವೆಯಲ್ಲಿದ್ದವರು, ಸಂಬಂಧದಿಂದ ಕಟ್ಟುಬಿದ್ದವರು, ಶಿಕ್ಷಿತರು, ಅನುರಕ್ತರು, ಕೆಲಸ ಮಾಡಿ ತೋರಿಸಿದವರು ಮಾತ್ರ ಹತ್ತಿರವಿರಬೇಕು. ಧನಮಾನಗಳನ್ನು ಪಡೆಯದ ಪರದೇಶದವನು ಕೂಡದು. ಸ್ವದೇಶದವನೇ ಆದರೂ ಒಮ್ಮೆ ಅಪಕಾರಕ್ಕೆ ಒಳಗಾಗಿ ಮತ್ತೆ ಸೇರಿಸಿಕೊಂಡವನು ಕೂಡದು. ಈ ಕೊನೆಯ ಮಾತಿನಲ್ಲಿ ಮನುಷ್ಯಸ್ವಭಾವದ ಆಳವಾದ ತಿಳಿವಿದೆ. ಅವಮಾನಿತನಾಗಿ ಮರಳಿ ಬಂದವನ ನಗುವನ್ನು ಕೌಟಿಲ್ಯ ನಂಬುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅವನು ಒಂದು ಎಚ್ಚರಿಕೆಯನ್ನೂ ಸೇರಿಸುತ್ತಾನೆ. ಪರೀಕ್ಷೆಗಾಗಿ ರಾಜನನ್ನಾಗಲಿ ರಾಣಿಯನ್ನಾಗಲಿ ಗುರಿಯಾಗಿ ಒಡ್ಡಬಾರದು. ಕೆಡದಿದ್ದವನನ್ನು ಪರೀಕ್ಷೆಯ ನೆವದಿಂದ ಕೆಡಿಸಬಾರದು, ಅದು ನೀರಿಗೆ ವಿಷ ಬೆರೆಸಿದಂತೆ, ಒಮ್ಮೆ ಕೆಟ್ಟ ಮನಸ್ಸಿಗೆ ಮದ್ದು ದೊರೆಯದೆ ಹೋದೀತು ಎಂಬುದು ಅದರ ಭಾವ. ಅನುಮಾನವೇ ಅಪರಾಧವನ್ನು ಹುಟ್ಟಿಸಬಲ್ಲದೆಂಬ ಅರಿವು ಇಷ್ಟು ಹಿಂದೆಯೇ ಇತ್ತು.

ಕನ್ನಡನಾಡಿನ ಅರಸರು ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರ ಇನ್ನೊಂದು ರೀತಿಯದು. ಶಾಸನಗಳಲ್ಲಿ ಬರುವ ವೇಳೆವಾಳಿ, ಜೋಳವಾಳಿ, ಲೆಂಕ, ಗರುಡ ಎಂಬ ಮಾತುಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಅರಸನ ಜೋಳದ ಋಣ ತೀರಿಸಲು ಪ್ರಾಣ ಕೊಡುವುದು, ಅವನು ಸತ್ತರೆ ತಾನೂ ಬದುಕುವುದಿಲ್ಲವೆಂದು ಭಾಷೆ ಕೊಡುವುದು. ಹೊಯ್ಸಳರ ಗರುಡರು ಇದನ್ನು ಕೊನೆಯ ತುದಿಗೆ ಒಯ್ದರು. ಎರಡನೆಯ ವೀರಬಲ್ಲಾಳನು ಮಗನಂತೆ ಕಂಡ ದಂಡನಾಯಕ ಕುವರ ಲಕ್ಷ್ಮನ ಸ್ತಂಭ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಇಂದಿಗೂ ನಿಂತಿದೆ. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಲಕ್ಷ್ಮನೂ ಮಡದಿ ಸುಗ್ಗಲದೇವಿಯೂ ಅವರ ವೀರರೂ ಒಡೆಯನ ಹಿಂದೆಯೇ ಪ್ರಾಣ ಬಿಟ್ಟ ಕಥೆ ಅದರ ಮೇಲಿದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವವರ ಉಬ್ಬುಶಿಲ್ಪಗಳೂ ಇವೆ. ಮಂಡ್ಯ ಜಿಲ್ಲೆಯ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳನ್ನು ನೋಡಿದವರಿಗೆ ಇನ್ನೂ ಆಶ್ಚರ್ಯವಾಗುತ್ತದೆ. ಒಂದೇ ಮನೆತನದ ಹಲವು ತಲೆಮಾರಿನವರು, ತಮ್ಮ ಹೆಂಡಿರು, ಲೆಂಕರು, ಲೆಂಕಿತಿಯರೊಡನೆ, ಹೊಯ್ಸಳ ಅರಸರೊಬ್ಬೊಬ್ಬರ ಸಾವಿನೊಡನೆ ಸತ್ತದ್ದನ್ನು ಅಲ್ಲಿ ಕೆತ್ತಲಾಗಿದೆ.

ನಾವು ಇವನ್ನು ಸ್ವಾಮಿಭಕ್ತಿಯ ಪರಾಕಾಷ್ಠೆಯೆಂದು ಪಾಠ ಹೇಳುತ್ತೇವೆ. ಅದು ನಿಜವೇ. ಆದರೆ ಇದೇ ವ್ಯವಸ್ಥೆಯನ್ನು ಕಾವಲಿನ ದೃಷ್ಟಿಯಿಂದ ನೋಡಿದರೆ ಅದರ ಜಾಣತನವೂ ಕ್ರೌರ್ಯವೂ ಒಟ್ಟಿಗೆ ಕಾಣುತ್ತವೆ. ಅರಸನ ಸಾವೇ ತನ್ನ ಸಾವೂ ಆಗಿರುವವನು ಅರಸನ ಮೇಲೆ ಕತ್ತಿಯೆತ್ತಲಾರ, ಬೇರೆಯವರು ಎತ್ತಿದ್ದನ್ನು ಕಂಡು ಸುಮ್ಮನಿರಲಾರ. ಇಂಥವನ ಪೂರ್ವಾಪರ ವಿಚಾರಿಸಬೇಕಾದ ಅಗತ್ಯವೇ ಇಲ್ಲ. ಆ ನಿಶ್ಚಿಂತೆಗಾಗಿ ಲೆಂಕಿತಿಯೊಬ್ಬಳು ಏನನ್ನು ತೆರಬೇಕಾಯಿತೆಂಬುದನ್ನು ಮಾತ್ರ ಶಾಸನಕವಿ ಹೇಳುವುದಿಲ್ಲ. ಅವಳನ್ನು ಕೇಳಿದವರೂ ಇರಲಾರರು.

ಹಳ್ಳಿಯ ಮಟ್ಟದಲ್ಲಿ ನಡೆದದ್ದು ಇಷ್ಟು ಉಗ್ರವಲ್ಲ. ಆಯಗಾರರಲ್ಲಿ ಒಬ್ಬನಾದ ತಳವಾರನು ವಂಶಪಾರಂಪರ್ಯವಾಗಿ ಊರನ್ನು ಕಾಯುತ್ತಿದ್ದ. ಕಳವಾದರೆ ಹೆಜ್ಜೆ ಹಿಡಿದು ಪಕ್ಕದೂರಿನ ಗಡಿ ಮುಟ್ಟಿಸಬೇಕು, ಇಲ್ಲವಾದರೆ ಹೋದ ಮಾಲಿಗೆ ತಾನೇ ಹೊಣೆಯಾಗಬೇಕು ಎಂಬುದು ಹಲವೆಡೆ ಇದ್ದ ಕಟ್ಟಳೆ. ಅವನ ನಡತೆಗೆ ಅವನ ಇನಾಂ ಹೊಲವೇ ಜಾಮೀನು, ಊರಿನ ಕಣ್ಣೇ ತಪಾಸಣೆ. ನಮ್ಮ ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯೊಡನೆ ಈ ವಂಶಪಾರಂಪರ್ಯದ ಹಕ್ಕುಗಳು ಮುಗಿದವು. ಮುಗಿಯಬೇಕಾದದ್ದೇ. ಆದರೆ ಎಲ್ಲರೂ ಎಲ್ಲರನ್ನೂ ಬಲ್ಲ ಊರು ಹೋದಮೇಲೆ, ಬಲ್ಲವರ ಮಾತಿನ ಜಾಗಕ್ಕೆ ಕಾಗದ ಬರಲೇಬೇಕಾಯಿತು.

ಕಾಗದವನ್ನು ತಂದವರು ಬ್ರಿಟಿಷರು. ಹಿಂದಿನವರು ಕುಲವನ್ನು ನಂಬಿಕೆಗೆ ಆಧಾರವಾಗಿ ಹಿಡಿದಿದ್ದರೆ, ಇವರು ಅದನ್ನೇ ಅಪನಂಬಿಕೆಗೆ ಆಧಾರ ಮಾಡಿದರು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. ದಖ್ಖನಿನ ರಾಮೋಶಿಗಳು, ತಮಿಳು ಸೀಮೆಯ ಮರವರು, ಕಳ್ಳರು ಮೊದಲಾದವರು ಅಲ್ಲಿಯವರೆಗೆ ಊರೂರುಗಳ ಕಾವಲನ್ನೇ ವೃತ್ತಿಯಾಗಿ ನಡೆಸಿಕೊಂಡು ಬಂದಿದ್ದವರು; ಹೊಸ ಪೊಲೀಸ್ ಇಲಾಖೆಯ ಕಣ್ಣಿಗೆ ಅವರೇ ಶಂಕಿತರಾದರು. ಆ ಕಾಯಿದೆ ರದ್ದಾಗುವ ಹೊತ್ತಿಗೆ 1952 ಬಂದಿತ್ತು. ಇನ್ನು ಬೆರಳಚ್ಚು. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್ ಗುತ್ತಿಗೆದಾರನೊಬ್ಬನ ಅಂಗೈ ಗುರುತನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡದ್ದರಿಂದ ಮೊದಲಾದ ಪ್ರಯೋಗ, 1897ರಲ್ಲಿ ಕಲ್ಕತ್ತೆಯ ಬೆರಳಚ್ಚು ಕಚೇರಿಯಾಗಿ ನೆಲೆನಿಂತಿತು. ಅಲ್ಲಿ ವರ್ಗೀಕರಣದ ಲೆಕ್ಕವನ್ನು ಹೂಡಿದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸರ ಹೆಸರು ಬಹುಕಾಲ ಮರೆಯಲ್ಲಿದ್ದು, ಕೀರ್ತಿ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಸಂದಿತು. ದುಡಿಯುವವರಿಗೆ ಈ ಮಸಿ ಹಿಡಿಸಲಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಚಿನ್ನದ ಜೊತೆ ತಮ್ಮನ್ನೂ ಶೋಧಿಸುತ್ತಾರೆಂಬ ನೋವು ಅದರಲ್ಲಿ ಇಲ್ಲದಿರಲಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯಿದೆ ನಿಷೇಧಿತ ಸ್ಥಳವೆಂಬ ಕಲ್ಪನೆಗೆ ಕಾನೂನಿನ ರೂಪ ಕೊಟ್ಟಿತು. ಅದು ಇಂದಿಗೂ ಜಾರಿಯಲ್ಲಿದೆ.

ಸ್ವಾತಂತ್ರ್ಯಾನಂತರ ಎದ್ದ ಸರ್ಕಾರಿ ಕಾರ್ಖಾನೆಗಳಲ್ಲಿ ಆಯಾ ಕಾರ್ಖಾನೆಯದೇ ವಾಚ್ ಅಂಡ್ ವಾರ್ಡ್ ಎಂಬ ಕಾವಲು ಇತ್ತು. 1964ರಲ್ಲಿ ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್ನಿನಲ್ಲಿ ಬೆಂಕಿ ಬಿದ್ದು, ನ್ಯಾಯಮೂರ್ತಿ ಬಿ. ಮುಖರ್ಜಿ ಆಯೋಗ ವಿಚಾರಣೆ ನಡೆಸಿದಾಗ ಆ ಕಾವಲಿನ ಸಡಿಲ ಬಯಲಾಯಿತು. 1968ರ ಕಾಯಿದೆಯ ಮೇರೆಗೆ 1969ರ ಮಾರ್ಚ್ 10ರಂದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ಹುಟ್ಟಿತು. ಅಣುವಿದ್ಯುತ್ ಕೇಂದ್ರ, ಬಾಹ್ಯಾಕಾಶ ಸಂಸ್ಥೆ, ವಿಮಾನ ನಿಲ್ದಾಣಗಳು ಒಂದೊಂದಾಗಿ ಅದರ ರಕ್ಷಣೆಗೆ ಬಂದವು. ಮುಂಬಯಿಯ ಮೇಲೆ ನಡೆದ 2008ರ ದಾಳಿಯ ಅನಂತರ ಕಾಯಿದೆಗೆ ತಿದ್ದುಪಡಿಯಾಗಿ, 2009ರ ಜುಲೈ ಕೊನೆಯಲ್ಲಿ ಬೆಂಗಳೂರಿನ ಇನ್ಫೋಸಿಸ್ ಆವರಣಕ್ಕೂ ಆ ಪಡೆ ಬಂದಿಳಿಯಿತು.

ಆದರೆ ಪಡೆ ಎಷ್ಟೆಂದು ಬೆಳೆದೀತು? ಉಳಿದ ಲಕ್ಷಾಂತರ ಬಾಗಿಲುಗಳಲ್ಲಿ ನಿಂತವನು ಖಾಸಗಿ ಏಜೆನ್ಸಿಯ ಸೆಕ್ಯುರಿಟಿ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯಿದೆ ಇವನಿಗಾಗಿ ಬಂದದ್ದು. ವಯಸ್ಸು ಹದಿನೆಂಟರಿಂದ ಅರವತ್ತೈದರ ಒಳಗಿರಬೇಕು, ನಿಗದಿಯಾದ ತರಬೇತಿ ಮುಗಿಸಿರಬೇಕು, ನಡತೆ ಮತ್ತು ಪೂರ್ವಾಪರಗಳ ಬಗ್ಗೆ ನಿಯಮದಂತೆ ಏಜೆನ್ಸಿಗೆ ತೃಪ್ತಿಯಾಗಿರಬೇಕು. ನ್ಯಾಯಾಲಯದಲ್ಲಿ ಶಿಕ್ಷೆಯಾದವನೂ, ಸೈನ್ಯ ಪೊಲೀಸು ಮುಂತಾದ ಪಡೆಗಳಿಂದ ದುರ್ನಡತೆಗಾಗಿ ವಜಾ ಆದವನೂ ಕೂಡದು. ವಿಮಾನ ನಿಲ್ದಾಣದ ಒಳಗೆ ಕಾಲಿಡಬೇಕಾದರೆ ಇದು ಸಾಲದು. ನಾಗರಿಕ ವಿಮಾನಯಾನ ಭದ್ರತಾ ವಿಭಾಗದ ಪ್ರವೇಶಪತ್ರ ಬೇಕು, ಅದಕ್ಕೆ ಬೇರೆ ವಿಚಾರಣೆ. ಜಾಗ ಸೂಕ್ಷ್ಮವಾದಷ್ಟೂ ಜರಡಿಯ ಕಣ್ಣು ಸಣ್ಣದಾಗುತ್ತದೆ. ಒಡಿಶಾದಿಂದಲೋ ಅಸ್ಸಾಮಿನಿಂದಲೋ ನಮ್ಮ ರಾಯಚೂರು ಕಡೆಯಿಂದಲೋ ಹೊರಟು, ವರ್ಷಕ್ಕೊಂದು ಕೊಠಡಿಯನ್ನು ಹತ್ತು ಜನರೊಡನೆ ಹಂಚಿಕೊಂಡು ಮಲಗುವ ಕಾವಲುಗಾರನಿಗೆ, ವಿಳಾಸ ಎಂಬ ಅಂಕಣವೇ ಮೊದಲ ಪರೀಕ್ಷೆ.

ಈ ಕಾಗದದ ಬಲವೆಷ್ಟು? ಮೂವತ್ತು ವರ್ಷ ಅಧ್ಯಾಪಕನಾಗಿ ನಾನು ವಿದ್ಯಾರ್ಥಿಗಳ ವರ್ಗಾವಣೆ ಪತ್ರಗಳಲ್ಲಿ ನಡತೆ ಉತ್ತಮ ಎಂದು ಬರೆಯುವುದನ್ನು ನೋಡಿದ್ದೇನೆ. ಉತ್ತಮವಲ್ಲದ ನಡತೆಯನ್ನು ಆ ಗೆರೆಯಲ್ಲಿ ಕಂಡ ನೆನಪಿಲ್ಲ. ಪೊಲೀಸರ ವರದಿ ಅದಕ್ಕಿಂತ ಗಂಭೀರವಾದುದು, ಒಪ್ಪಬೇಕು. ಆದರೂ ಅದು ಹೇಳಬಲ್ಲದ್ದು ಕಳೆದುಹೋದುದನ್ನು ಮಾತ್ರ. ನಮ್ಮ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ, ತಪಾಸಣೆಯಿಲ್ಲದೆ ಯಾರೂ ಒಳಹೋಗಲಾಗದ ಜಾಗದಲ್ಲಿ, 2009ರ ನವೆಂಬರ್ ತಿಂಗಳಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಷಿಯಂ ಬೆರೆತ ಭಾರಜಲವನ್ನು ಸೇರಿಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹಕ್ಕೆ ಅದು ಸೇರಿತ್ತು. ಒಳಗಿನವರದೇ ಕೆಲಸವೆಂದು ಅಣುಶಕ್ತಿಯ ಮುಖ್ಯಸ್ಥರೇ ಆಗ ಹೇಳಿದರು. ಕೌಟಿಲ್ಯನ ಉಪಮಾನ ಇಲ್ಲಿ ಉಪಮಾನವಾಗಿ ಉಳಿಯಲಿಲ್ಲ. ಅಮೆರಿಕದ ಓಕ್ ರಿಡ್ಜ್‌ನಲ್ಲಿ ಬಾಂಬಿಗೆ ಬೇಕಾದ ಯುರೇನಿಯಂ ಕೂಡಿಟ್ಟ ಉಗ್ರಾಣಕ್ಕೆ ಉನ್ನತ ಭದ್ರತಾ ಅನುಮತಿ ಪಡೆದ ಖಾಸಗಿ ಕಾವಲುಗಾರರಿದ್ದರು. 2012ರ ಜುಲೈನಲ್ಲಿ ಎಂಬತ್ತೆರಡು ವಯಸ್ಸಿನ ಕ್ರೈಸ್ತ ಸನ್ಯಾಸಿನಿ ಮೇಗನ್ ರೈಸ್ ಇಬ್ಬರು ಸಂಗಡಿಗರೊಡನೆ ತಂತಿಬೇಲಿಗಳನ್ನು ಕತ್ತರಿಸಿ, ಉಗ್ರಾಣದ ಗೋಡೆಯವರೆಗೂ ಹೋಗಿ ಶಾಂತಿಯ ಘೋಷಣೆಗಳನ್ನು ಬರೆದರು. ಅದರ ಮರುವಿಚಾರಣೆಯಲ್ಲಿ ಕಾವಲುಗಾರರಿಗೆ ಕೊಡಬೇಕಿದ್ದ ಪರೀಕ್ಷೆಯ ಉತ್ತರಗಳು ಗಸ್ತಿನ ವಾಹನವೊಂದರಲ್ಲಿ ಮೊದಲೇ ಸಿಕ್ಕಿದವು!

ಇನ್ನೊಂದು ಮುಖವನ್ನೂ ನೋಡಬೇಕು. ಜರಡಿಯಲ್ಲಿ ನಿಲ್ಲದೆ ಹೋದವನ ಗತಿಯೇನು? ಎರಡನೆಯ ಮಹಾಯುದ್ಧದ ಅನಂತರ, 1947ರಲ್ಲಿ ಅಮೆರಿಕವೂ 1948ರಲ್ಲಿ ಬ್ರಿಟನ್ನೂ ಸರ್ಕಾರಿ ನೌಕರರ ನಿಷ್ಠೆಯನ್ನು ಶೋಧಿಸುವ ಕ್ರಮಗಳನ್ನು ಕೈಗೊಂಡವು. ಅದರ ಬಿಸಿ ವಿಜ್ಞಾನಿ ಓಪನ್‌ಹೈಮರ್‌ಗೆ ತಟ್ಟಿದ್ದು ಎಲ್ಲರಿಗೂ ಗೊತ್ತು. ರಾಚೆಲ್ ಬ್ರಾನರ್ ಎಂಬಾಕೆಯನ್ನು ಬಲ್ಲವರು ಕಡಿಮೆ. ಈಕೆ ವಾಷಿಂಗ್ಟನ್ ನಗರದ ನೌಕಾದಳದ ಫಿರಂಗಿ ಕಾರ್ಖಾನೆಯೊಳಗಿನ ಖಾಸಗಿ ಕ್ಯಾಂಟೀನಿನಲ್ಲಿ ಅಡಿಗೆಯವಳು. ಆರು ವರ್ಷಕ್ಕೂ ಹೆಚ್ಚು ಕಾಲ ಯಾವ ದೂರೂ ಇಲ್ಲದೆ ಕೆಲಸ ಮಾಡಿದ್ದಳು. 1956ರ ನವೆಂಬರಿನಲ್ಲಿ ಒಂದು ದಿನ ಅವಳ ಬಿಲ್ಲೆಯನ್ನು ಹಿಂದಕ್ಕೆ ಕೇಳಿದರು. ಭದ್ರತೆಯ ಅಗತ್ಯಗಳನ್ನು ಪೂರೈಸಿಲ್ಲ ಎಂಬುದಷ್ಟೇ ಕಾರಣ. ಯಾವ ಅಗತ್ಯ, ಯಾರು ಏನು ಹೇಳಿದರು, ಒಂದನ್ನೂ ತಿಳಿಸಲಿಲ್ಲ. ಕಾರ್ಮಿಕ ಸಂಘ ಅಹವಾಲಿಗೆ ಅವಕಾಶ ಕೇಳಿತು, ಸಿಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1961ರಲ್ಲಿ ಐದು ನ್ಯಾಯಮೂರ್ತಿಗಳು ಅವಳ ವಿರುದ್ಧವೂ ನಾಲ್ವರು ಅವಳ ಪರವಾಗಿಯೂ ನಿಂತರು. ಆ ಕಾರ್ಖಾನೆಯ ಆವರಣದಲ್ಲಿ ದುಡಿಯುವುದು ಅವಳ ಹಕ್ಕಲ್ಲ, ಬೇರೆಡೆ ಅಡಿಗೆ ಮಾಡಲು ಅಡ್ಡಿಯಿಲ್ಲವಲ್ಲ ಎಂಬುದು ಬಹುಮತದ ಧೋರಣೆ. ಕ್ಯಾಂಟೀನಿನ ಮಾಲೀಕರು ನಗರದ ಹೊರವಲಯದ ಇನ್ನೊಂದು ಉಪಾಹಾರಗೃಹದಲ್ಲಿ ಕೆಲಸ ಕೊಡಲು ಮುಂದೆ ಬಂದಿದ್ದರು. ಜಾಗ ಅನುಕೂಲವಲ್ಲವೆಂದು ಅವಳು ಒಪ್ಪಿರಲಿಲ್ಲ. ದೇಶದ್ರೋಹದ ನೆರಳು ಮೈಮೇಲೆ ಬಿದ್ದವಳಿಗೆ ಅದನ್ನು ಒರೆಸಿಕೊಳ್ಳುವ ಒಂದು ಅವಕಾಶವನ್ನಾದರೂ ಕೊಡಬಾರದೆ ಎಂಬುದು ನಾಲ್ವರ ಕಳಕಳಿ. ನನ್ನ ಮನಸ್ಸು ಈ ನಾಲ್ವರ ಕಡೆಗಿದೆ.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ದಾರಿಯಲ್ಲಿ ಮುಂದೂ ಹಿಂದೂ ನಡೆದಿದೆ. 1983ರಲ್ಲಿ ಮಧ್ಯಪ್ರದೇಶದ ಶಾಲಾ ಉಪಾಧ್ಯಾಯರೊಬ್ಬರನ್ನು, ಹಿಂದೆ ಇಂಥ ಸಂಘಟನೆಯಲ್ಲಿ ಓಡಾಡಿದ್ದರೆಂಬ ಪೊಲೀಸ್ ವರದಿಯ ಮೇಲೆ ತೆಗೆದುಹಾಕಿದ್ದನ್ನು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಖಾರವಾದ ಮಾತುಗಳಲ್ಲಿ ತಳ್ಳಿಹಾಕಿದರು. 2011ರಲ್ಲಿ ದೆಹಲಿ ಪೊಲೀಸ್ ಇಲಾಖೆಗೆ ಅರ್ಜಿ ಹಾಕಿದ್ದ ಯುವಕನೊಬ್ಬನ ವ್ಯಾಜ್ಯ ಬಂತು. ಬಾಡಿಗೆದಾರರೊಡನೆ ಆದ ಹಳೆಯ ಜಗಳವೊಂದು ರಾಜಿಯಲ್ಲಿ ಮುಗಿದಿತ್ತು. ಅದನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ತೀರ್ಪಿನಲ್ಲಿ ವಿಕ್ಟರ್ ಹ್ಯೂಗೋನ ಜೀನ್ ವಾಲ್ಜೀನನನ್ನು ನೆನೆದರು. ಹಸಿದವರಿಗಾಗಿ ರೊಟ್ಟಿ ಕದ್ದು ಬಾಳಿನುದ್ದಕ್ಕೂ ಕಳ್ಳನೆನಿಸಿಕೊಂಡ ಆ ಪಾತ್ರ, ದೆಹಲಿಯ ಯುವಕನ ಕೈ ಹಿಡಿಯಿತು. ಸಾಹಿತ್ಯ ಲೋಕೋಪಯೋಗಿಯೇ ಎಂದು ಕೇಳುವವರಿಗೆ ಇದನ್ನು ಹೇಳಬಹುದು. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣಗಳನ್ನು ಮುಚ್ಚಿಟ್ಟಿದ್ದರೂ ಮನ್ನಿಸಬಹುದೆಂದು ದಾರಿ ತೋರಿತು.

ಆದರೆ ರಾಷ್ಟ್ರದ ಭದ್ರತೆ ಎಂಬ ಮಾತು ಬಂದಾಗ ನ್ಯಾಯಾಲಯದ ದನಿ ಬದಲಾಗುತ್ತದೆ. ಮಾಜಿ ಸೈನಿಕರ ಹೆಸರನ್ನೇ ಹೊತ್ತ ಕಂಪನಿಯೊಂದು ವಿಮಾನ ನಿಲ್ದಾಣಗಳ ನೆಲಸೇವೆಯಲ್ಲಿತ್ತು. ಅದರ ಭದ್ರತಾ ಅನುಮತಿ ರದ್ದಾದಾಗ, ಭದ್ರತೆಯ ಪ್ರಶ್ನೆ ನಿಜವಾಗಿ ಇದ್ದಲ್ಲಿ ಕಾರಣ ತಿಳಿಸಿ ಅಹವಾಲು ಕೇಳಲೇಬೇಕೆಂಬ ನಿಯಮವಿಲ್ಲವೆಂದು 2014ರಲ್ಲಿ ತೀರ್ಪಾಯಿತು. ಮಲಯಾಳದ ಒಂದು ದೂರದರ್ಶನ ವಾಹಿನಿಯ ಪ್ರಕರಣದಲ್ಲಿ, 2023ರ ಏಪ್ರಿಲ್ 5ರಂದು, ಅದೇ ನ್ಯಾಯಾಲಯ ಮೊಹರು ಮಾಡಿದ ಲಕೋಟೆಯಲ್ಲಿ ಕಾರಣಗಳನ್ನು ಬಚ್ಚಿಡುವ ಅಭ್ಯಾಸವನ್ನು ಆಕ್ಷೇಪಿಸಿ, ಭದ್ರತೆಯ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ಸಹಜ ನ್ಯಾಯ ದೂರ ಸರಿಯುವುದಿಲ್ಲವೆಂದು ಸಾರಿತು.

ಕೋರ್ಟು ಹತ್ತಿದವರು ವಾಹಿನಿಯವರು, ಕಂಪನಿಯವರು, ಸರ್ಕಾರಿ ಹುದ್ದೆಯನ್ನು ಬಯಸಿದವರು. ಏಜೆನ್ಸಿಯ ಕಾವಲುಗಾರನ ಮಟ್ಟಿಗೆ ವಿಷಯ ಅಲ್ಲಿಯವರೆಗೆ ಹೋಗುವುದೇ ಅಪರೂಪ. ಠಾಣೆಯಿಂದ ಬಂದ ಕಾಗದದಲ್ಲಿ ಏನಿದೆಯೆಂದು ಅವನಿಗೆ ಯಾರೂ ಓದಿ ಹೇಳುವುದಿಲ್ಲ. ಮೇಲ್ವಿಚಾರಕ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಅವನನ್ನು ಪಕ್ಕಕ್ಕೆ ಕರೆದು, ನಾಳೆಯಿಂದ ಈ ಗೇಟು ಬೇಡ, ಊರಾಚೆ ಒಂದು ಗೋದಾಮಿದೆ, ಅಲ್ಲಿಗೆ ಹೋಗು ಎನ್ನುತ್ತಾನೆ. ಅವನು ಸೀಟಿಯನ್ನೂ ಪಾಸನ್ನೂ ಒಪ್ಪಿಸಿ, ಆ ಗೋದಾಮಿಗೆ ಯಾವ ಬಸ್ಸು ಹೋಗುತ್ತದೆಂದು ಕೇಳುತ್ತಾನೆ.